ಗಾಜಿನ ಪೆಟ್ಟಿಗೆಯಲ್ಲಿ ಅವ್ವನ ಡಬ್ಬಿ

ನಮ್ಮವ್ವನಿಗೆ ಯುದ್ಧವೆಂದರೆ ಕಳೆದುಹೋದ ಒಂದು ಸ್ಟೀಲಿನ ಡಬ್ಬಿ. ನಾನು ಜೀವಸಹಿತ ಬೋರಗಾಂವಕ್ಕೆ ವಾಪಸು ಬಂದದ್ದಕ್ಕೆ ಬಸದಿಯಲ್ಲಿ ಅಭಿಷೇಕ ಮಾಡಿಸಿದಳು, ನಿಜ. ಅದಾಗಿ ಎಂಟು ದಿನಕ್ಕೇ ಶುರುವಾಯಿತು.

"ಐದರ ಸೆಟ್ ಬೇ ಅದು, ತವರಮನಿಯಿಂದ ಕೊಟ್ಟದ್ದು. ನಾಕ ಉಳದಾವ ನೋಡ. ನನ್ನ ಹೆಸರ ಕೊರಸಿದ್ದ ಡಬ್ಬಿ ಎಲ್ಲಿ ಒಗದ ಬಂದಿ?"

"ಬಾಂಬ್ ಬೀಳಾಕತ್ತಿದ್ವು ಅವ್ವ. ಡಬ್ಬಿ ಹುಡುಕ್ಕೋತ ಕೂಡಬೇಕಿತ್ತೇನು?"

"ಕೈಯಾಗ ಹಿಡಕೊಂಡ ಬರಾಕ ಏನ ಧಾಡಿ ನಿನಗ?"

ಇಂಥವಳ ಜೊತೆ ಏನು ಮಾತಾಡುವುದು! ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದೆ. 2022ರಲ್ಲಿ ಯುದ್ಧ ಶುರುವಾಗಿ, ಓದು ನಾಲ್ಕನೇ ವರ್ಷಕ್ಕೇ ನಿಂತಿತು. ಬಂದ ಹೊಸದರಲ್ಲಿ ಊರಿಗೆ ಊರೇ ನನ್ನ ಜೊತೆ ಫೋಟೊ ತೆಗೆಸಿಕೊಂಡಿತು. ಎರಡು ತಿಂಗಳಿಗೆ ಎಲ್ಲರಿಗೂ ಸಾಕಾಯಿತು. ಈಗ ನಿಪ್ಪಾಣಿಯ ಒಂದು ದವಾಖಾನೆಯ ಕೌಂಟರಿನಲ್ಲಿ ಪಾಳಿ ಚೀಟಿ ಬರೆಯುತ್ತೇನೆ. ಸಂಜೆ ಮನೆಗೆ ಬಂದರೆ ಅವ್ವನ ಪವರ್‌ಲೂಮಿನ ಖಟಖಟ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೇಳುವವರಾದರೂ ಯಾರಿದ್ದಾರೆ? ಅಲ್ಲಿಯ ಆಯಿಯ ಬಗ್ಗೆ ನಾನು ಒಬ್ಬರ ಮುಂದೂ ಪೂರ್ತಿ ಹೇಳಿಲ್ಲ.

ಆಯಿ ಅಂದರೆ ನಾನು ಬಾಡಿಗೆಗಿದ್ದ ಮನೆಯ ಮುದುಕಿ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ; ಹಾಗೇ ಕರೆದೆ, ಅವಳೂ ಖುಷಿಯಿಂದ ಓಗೊಟ್ಟಳು. ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ ಎಂದು ಮೊದಲ ದಿನ ಹೇಳಿದಾಗ ಮುದುಕಿ ಗಾಬರಿಯಾದಳು. "ನಿಮ್ಮ ಮನೆಯ ಕಾಳನ್ನೂ ಕಿತ್ತುಕೊಂಡು ಹೋದರೇ?" ಎಂದು ಕೇಳಿದಳು. ತೊಂಬತ್ತು ವರ್ಷದ ಹಿಂದೆ ಅಲ್ಲಿ ಸರಕಾರದ ಜನ ಮನೆಮನೆ ಹೊಕ್ಕು ಕಾಳುಕಡಿ ಬಳಿದೊಯ್ದು ಲಕ್ಷಗಟ್ಟಲೆ ರೈತರನ್ನು ಹಸಿವಿನಿಂದ ಕೊಂದಿದ್ದರು. ಆರು ಮಕ್ಕಳಿದ್ದ ಮನೆಯಲ್ಲಿ ಉಳಿದವಳು ಆಯಿಯ ತಾಯಿ ಒಬ್ಬಳೇ. ಅದಕ್ಕೇ ಈಕೆ ಬ್ರೆಡ್ಡಿನ ಒಂದು ತುಣುಕನ್ನೂ ಚೆಲ್ಲುತ್ತಿರಲಿಲ್ಲ, ಒಣಗಿಸಿ ಇಡುತ್ತಿದ್ದಳು.

ಇದು ಧರ್ಮದ ನಿಯಮ, ಹಸಿವಲ್ಲ ಎಂದು ತಿಳಿಸಿ ಹೇಳಿದ ಮೇಲೆ ಇನ್ನೊಂದು ಚಿಂತೆ ಹಚ್ಚಿಕೊಂಡಳು. ಚಳಿಗಾಲದಲ್ಲಿ ಅಲ್ಲಿ ಮೂರೂವರೆಗೇ ಸೂರ್ಯ ಮುಳುಗುತ್ತಾನೆ, ಆಗ ನಾನು ಕಾಲೇಜಿನಲ್ಲಿರುತ್ತಿದ್ದೆ. ದಿನಾ ಬೆಳಿಗ್ಗೆ ಅವ್ವನ ಡಬ್ಬಿಯಲ್ಲಿ, ನಮಗೆ ನಿಷಿದ್ಧವಾದ ಉಳ್ಳಾಗಡ್ಡಿ, ಬಟಾಟಿ ಇಲ್ಲದ್ದೇನೋ ಮಾಡಿ ತುಂಬಿ ಕೊಡುತ್ತಿದ್ದಳು. ನಾನು ಡಬ್ಬಿ ತೊಳೆದು ಹಿಡಿ ಶೇಂಗಾನೋ ಒಂದು ಸೇಬೋ ಹಾಕಿ ತಿರುಗಿ ಕೊಡುತ್ತಿದ್ದೆ. ಬರಿ ಡಬ್ಬಿ ಯಾರಿಗೂ ಮರಳಿಸಬಾರದು, ಇದು ಅವ್ವ ಕಲಿಸಿದ್ದು. ಮುದುಕಿಗೆ ಈ ಪದ್ಧತಿ ಬಹಳ ಹಿಡಿಸಿತ್ತು.

ನಾನು ಓಡಿಬಂದ ದಿನ ಡಬ್ಬಿ ಅವಳ ಅಡುಗೆಮನೆಯಲ್ಲೇ ಉಳಿಯಿತು. ಎರಡು ತಿಂಗಳಾದ ಮೇಲೆ ಅವಳ ಫೋನು ಹತ್ತಲಿಲ್ಲ. ಕಾಣೆಯಾದವರನ್ನು ಹುಡುಕುವವರಿಗೆ ಬರೆದೆ. ಹೆಸರು, ಅಡ್ಡಹೆಸರು ತಿಳಿಸಿ ಅಂದರು. ಮನೆ ಬೇರೆ ಯಾರದೋ ಹೆಸರಿನಲ್ಲಿತ್ತು. ನೆರೆಯವರೂ ತಮ್ಮ ಭಾಷೆಯಲ್ಲಿ ಅಜ್ಜಿ ಎಂದೇ ಕರೆಯುತ್ತಿದ್ದರು. ನನ್ನ ಫೋನಿನಲ್ಲಿ ಅವಳು ಬರೀ 'ಆಯಿ'. ಮೂರೂವರೆ ವರ್ಷ ಅವಳ ಕೈಯಲ್ಲಿ ಉಂಡೆ, ಹೆಸರು ಮಾತ್ರ ಕೇಳಿರಲಿಲ್ಲ. ಹಿರಿಯರ ಹೆಸರು ಬಾಯಲ್ಲಿ ಎತ್ತಿದ್ದಕ್ಕೆ ಅವ್ವನ ಏಟು ತಿಂದು ಬೆಳೆದವಳು ನಾನು.

ಈ ಮಳೆಗಾಲದಲ್ಲಿ ಅಥಣಿಯ ರೂಪೇಶ, ನನ್ನ ಜೊತೆ ಅಲ್ಲಿ ಓದಿದವನು, ಒಂದು ಫೋಟೊ ಕಳಿಸಿದ. "ಇದು ನಿಮ್ಮೂರ ಹೆಸರ ಅಲ್ಲೇನ, ತೃಪ್ತಿ?"

ಉಕ್ರೇನಿನ ಒಂದು ಮ್ಯೂಸಿಯಂ ಹೊಸ ಪ್ರದರ್ಶನ ತೆರೆದಿತ್ತು. ಅಂದಿನ ನರಮೇಧದಲ್ಲಿ ಉಳಿದದ್ದನ್ನೂ ಇಂದಿನ ಯುದ್ಧದಲ್ಲಿ ಉಳಿದದ್ದನ್ನೂ ಪಕ್ಕಪಕ್ಕ ಇಟ್ಟಿದ್ದರು. ಒಂದು ಗಾಜಿನ ಪೆಟ್ಟಿಗೆಯಲ್ಲಿ, ಹಸಿವಿನ ವರ್ಷ ಯಾರೋ ತಾಯಿ ಹಿಡಿ ಗೋಧಿ ಬಚ್ಚಿಟ್ಟಿದ್ದ ಮಣ್ಣಿನ ಗಡಿಗೆ. ಅದರ ಪಕ್ಕದಲ್ಲಿ ಒಂದು ಮಗ್ಗುಲು ನೆಗ್ಗಿದ ಸ್ಟೀಲಿನ ಡಬ್ಬಿ. ಕೆಳಗೆ, 'ಬಾಂಬು ಬಿದ್ದ ನೆಲಮಾಳಿಗೆಯಲ್ಲಿ ಸಿಕ್ಕಿದ್ದು. ಮೇಲಿರುವುದು ಇಂಡಿಯಾದ ಬರಹ, ಓದಬಲ್ಲವರು ತಿಳಿಸಿ.' ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಸೌ. ಲಕ್ಷ್ಮಿಬಾಯಿ, ಬೋರಗಾಂವ.

ದವಾಖಾನೆಯ ಕೌಂಟರಿನಲ್ಲೇ ಅತ್ತುಬಿಟ್ಟೆ. ಪಾಳಿಗೆ ನಿಂತವರು ನನ್ನ ಮುಖ ನೋಡಿದರು, ಆಮೇಲೆ ಗಡಿಯಾರ ನೋಡಿದರು. ಅವತ್ತೇ ಮ್ಯೂಸಿಯಂಗೆ ಎಲ್ಲ ಬರೆದೆ.

ನಾಲ್ಕನೇ ದಿನ ಉತ್ತರ ಬಂತು. ಡಬ್ಬಿಯ ತುಂಬ ಒಣಗಿಸಿದ ಬ್ರೆಡ್ಡಿನ ತುಣುಕುಗಳಿದ್ದವಂತೆ, ಮೇಲೊಂದು ಚೀಟಿ. 'ಇದು ಇಂಡಿಯಾದ ತೃಪ್ತಿಯ ತಾಯಿಯ ಡಬ್ಬಿ. ದಾರಿ ತೆರೆದ ಮೇಲೆ ಮುಟ್ಟಿಸಿರಿ. ಬರಿದು ಮಾಡಿ ಕಳಿಸಬೇಡಿರಿ. ಇಂತಿ, ಆಯಿ.' ಅದನ್ನೇ ಹೆಸರೆಂದುಕೊಂಡು ಅವರು ಊರಿನ ಎಲ್ಲ ಪಟ್ಟಿಗಳಲ್ಲಿ ಹುಡುಕಿದ್ದರು. ಆ ನೆಲಮಾಳಿಗೆಯಲ್ಲಿದ್ದ ಒಂಬತ್ತು ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಎಂಟು ಗೋರಿಗೆ ಹೆಸರಿದೆ, ಒಂದಕ್ಕೆ ಬರೀ ನಂಬರು. 'ಅವರ ಹೆಸರು ನಿಮಗೆ ಗೊತ್ತಿರಲೇಬೇಕು, ದಯವಿಟ್ಟು ತಿಳಿಸಿ,' ಎಂದು ಬರೆದಿದ್ದರು. ಡಬ್ಬಿ ಬೇಕಾದರೆ ಕಳಿಸುತ್ತೇವೆ ಎಂದೂ ಇತ್ತು.

ಅವ್ವ ಮಗ್ಗ ನಿಲ್ಲಿಸಿ ಎಲ್ಲ ಕೇಳಿದಳು.

"ಬರಿ ಇರಲಿಲ್ಲೇನ ಡಬ್ಬಿ?"

"ಇಲ್ಲ. ತುಂಬಿತ್ತು."

"ಹೊಟ್ಟಿಗಿ ಇಲ್ಲದ ಹೊತ್ತಿನ್ಯಾಗೂ ಮುಟ್ಟಿಲ್ಲ ನೋಡ, ನನ್ನ ತಾಯಿ!" ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೆಸರೇನ ಆಕಿದು?"

"ಗೊತ್ತಿಲ್ಲ. ದೊಡ್ಡವರ ಹೆಸರ ಕೇಳಬಾರದಂತ ನೀನ ಕಲಿಸಿದ್ದಿ!"

ಚೀರಿಯೇ ಹೇಳಿದೆ. ಮಗ್ಗ ನಿಂತಿದೆ ಎನ್ನುವುದೂ ಮರೆತಿತ್ತು. ಅವ್ವ ಗೋಡೆಯ ಮಾಡದಲ್ಲಿದ್ದ ನಾಲ್ಕು ಡಬ್ಬಿಗಳತ್ತ ನೋಡಿದಳು.

"ತರಸಬ್ಯಾಡ ಅದನ್ನ," ಎಂದಳು. "ನನ್ನ ಹೆಸರಾದ್ರೂ ಆಕಿ ಜೋಡಿ ಇರ್ಲಿ."