ಕಾಲಡಿಯ ತಗಡು

ದಬ್, ಇಲ್ಲ, ಇದೂ ಸತ್ತಿದೆ, ಒಂದು ಬೆರಳಿನಷ್ಟು ಈಚೆಗೆ, ದಬ್, ಇನ್ನೂ ಈಚೆಗೆ, ಠಣ್ — ಹಾಂ, ಇಲ್ಲಿ ಜೀವವಿದೆ, ಇಲ್ಲಿಂದಾಚೆಗೆ ಗಟ್ಟಿ ಕಬ್ಬಿಣ, ದಲ್ವೀನ ಸುತ್ತಿಗೆಯನ್ನು ಪಕ್ಕಕ್ಕಿಟ್ಟು ಕಿವಿಯ ಹಿಂದೆ ಸಿಕ್ಕಿಸಿದ್ದ ಸೀಮೆಸುಣ್ಣ ತೆಗೆದು ಗೆರೆ ಎಳೆದಳು, ನಿನ್ನೆ ಕ್ರಿಸ್ಮಸ್ ಹಾಡುಮೇಳದ ಕೋಡಂಗಿಯ ಅಂಗಿಗೆ ಗೆರೆ ಹಾಕಿದ ಸೀಮೆಸುಣ್ಣವೇ ಇದು, ಹುಡುಗಿಯಾಗಿದ್ದಾಗಿನಿಂದ ಬಟ್ಟೆ ಕತ್ತರಿಸಿದ ಕೈಗೆ ತಗಡೇನು ದೊಡ್ಡದು, ಅದೂ ಒಂದು ಬಟ್ಟೆಯೇ, ತುಸು ಮೊಂಡು ಬಟ್ಟೆ. ಕೊಂಬಿ ವ್ಯಾನಿನ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಬೋರಲು ಬಿದ್ದಿದ್ದಾಳೆ, ತಲೆ ಸ್ಟೇರಿಂಗಿನ ಅಡಿಗೆ, ಕಾಲು ಅಂಗಳದ ಬಿಸಿಲಿಗೆ, ಮೂಗಿನ ತುಂಬ ತುಕ್ಕಿನ ವಾಸನೆ, ಹಳೆಯ ರಕ್ತದ ಹಾಗಿನ ವಾಸನೆ. ಕಬ್ಬಿಣವೂ ಕಲ್ಲಂಗಡಿಯ ಹಾಗೆ ಕಣೇ, ತಟ್ಟಿದರೆ ಹೊಟ್ಟೆಯಲ್ಲಿರೋದನ್ನ ತಾನೇ ಹೇಳುತ್ತೆ, ಎಂದು ಹೇಳಿಕೊಟ್ಟಿದ್ದವನು ಗಂಡ ಜೊವೀನೊ, ಹೇಳಿಕೊಟ್ಟವನು ಈಗ ಇಗರ್ಜಿಯ ಹಿಂದಿನ ಕೆಂಪು ಮಣ್ಣಿನಲ್ಲಿ ಮಲಗಿದ್ದಾನೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಹೋದ, ಕಾಫಿ ಲೋಟ ಕೈಯಲ್ಲಿ ಹಿಡಿದೇ ಹೋದ, ಪುಣ್ಯವಂತರ ಸಾವು ಎಂದರು ಎಲ್ಲರೂ, ಹೌದು, ಆದರೆ ಪುಣ್ಯವಂತ ಒಂದು ಸಾಲ ಉಳಿಸಿಹೋದನಲ್ಲ, ದುಡ್ಡಿನದಲ್ಲ, ದೇವರದು. ಅವಳ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಗೊರಗೊರ ಅನ್ನುತ್ತಿದ್ದ ರಾತ್ರಿ ಅವನು ಮೂವರು ರಾಜರಿಗೆ ಹರಕೆ ಹೊತ್ತಿದ್ದ, ನಕ್ಷತ್ರದ ಬೆನ್ನು ಹತ್ತಿ ಕಂದ ಯೇಸುವನ್ನು ಹುಡುಕಿಕೊಂಡು ಬಂದ ಸ್ವಾಮಿಗಳಿರಾ, ನನ್ನ ಹೆಂಡತಿಯನ್ನು ಉಳಿಸಿಕೊಡಿ, ಏಳು ವರ್ಷ ನಿಮ್ಮ ಬಾವುಟವನ್ನು ಇದೇ ನನ್ನ ಕೊಂಬಿಯಲ್ಲಿ ಮನೆಮನೆಗೆ ಹೊತ್ತು ತರುತ್ತೇನೆ, ಕೊರಕಲಿನ ಕೊನೇ ಮನೆಯನ್ನೂ ಬಿಡುವುದಿಲ್ಲ. ಆರು ವರ್ಷ ಆಯಿತು. ನಾಳೆ ಕ್ರಿಸ್ಮಸ್ ಹಿಂದಿನ ಸಂಜೆ, ನಾಳೆ ಬಾವುಟ ಹೊರಡಬೇಕು, ಏಳನೆಯದು. ಸತ್ತವನ ಹರಕೆಯನ್ನು ಮನೆಯವರು ತೀರಿಸದಿದ್ದರೆ ಆ ಜೀವ ಬಾವುಟದ ಹಿಂದೆಯೇ ಬರಿಗಾಲಲ್ಲಿ ಊರೂರು ಅಲೆಯುತ್ತದಂತೆ, ಯಾವ ಮನೆಯ ಬಾಗಿಲೂ ಅದಕ್ಕೆ ತೆರೆಯುವುದಿಲ್ಲವಂತೆ, ಹೇಳುತ್ತಾರೆ, ಹೇಳುವವರೇನು ನೋಡಿ ಬಂದವರೇ, ಆದರೂ — ಬರಿಗಾಲಲ್ಲಿ, ಅವನು, ಬೂಟಿಲ್ಲದೆ ದನದ ಕೊಟ್ಟಿಗೆಗೂ ಹೋಗದವನು, ಆ ಬೂಟು, ಹೊಸ್ತಿಲ ಮೇಲೆ ಮೂತಿ ಗೋಡೆಗಿಟ್ಟು ನಿಲ್ಲುತ್ತಿದ್ದ ಜೋಡಿ, ಸದಾ ಒದ್ದೆ.

ಅಂಗಳದ ಆ ಕೊನೆಯಲ್ಲಿ ಮಾವಿನ ಮರದ ನೆರಳಿಗೆ ಕುಳಿತು ಕಾಳು ಬಿಡಿಸುತ್ತಿರುವ ಅತ್ತೆ ತೆಯೊದೋರ ಅಲ್ಲಿಂದಲೇ ಕೂಗುತ್ತಾಳೆ, ಏನೇ, ಬದುಕಿದ್ದೀಯೋ, ಕಾಲು ಮಾತ್ರ ಕಾಣ್ತಾ ಇದೆ, ಕಾಲಿಗೆ ಊಟ ಬಡಿಸಲೇನೇ. ಬದುಕಿದ್ದೀನಿ ಅತ್ತೆ. ಆ ಬಡಗಿ ಯೋಸೇಫನ ಮನೇಲಿ ಹುಟ್ಟಿತಂತೆ ಕೂಸು, ನಮ್ಮನೇಲಿ ಹುಟ್ಟಿದ್ರೆ ಕಮ್ಮಾರ್ತಿ ಮಡಿಲಲ್ಲಿ ಹುಟ್ತಿತ್ತು ನೋಡು, ಎಂದು ತನ್ನ ಮಾತಿಗೆ ತಾನೇ ನಗುತ್ತಾಳೆ ಮುದುಕಿ, ಮಗನನ್ನು ಮಣ್ಣು ಮಾಡಿ ಬಂದ ದಿನವೂ ಕೋಳಿಗಳಿಗೆ ಜೋಳ ಹಾಕಿ ಒಂದೊಂದನ್ನೂ ಹೆಸರು ಹಿಡಿದು ಬೈದವಳು ಅವಳು, ಅತ್ತಿದ್ದನ್ನು ಯಾರೂ ಕಾಣಲಿಲ್ಲ, ಕೋಳಿಗಳು ಕಂಡಿರಬಹುದು. ಮತ್ತೆ ಸುತ್ತಿಗೆ, ದಬ್ ದಬ್, ಅಯ್ಯೋ ಎಷ್ಟು ಕೊಳೆತಿದೆ ಇದು, ಹೊರಗೆ ಬಾಗಿಲ ಅಂಚು ತುಕ್ಕು ತಿಂದದ್ದನ್ನು ಮೊನ್ನೆಯೇ ಕೆರೆದು ಉಪ್ಪುಕಾಗದ ಉಜ್ಜಿ ಕೆಂಪು ಪ್ರೈಮರ್ ಬಳಿದಾಯಿತು, ಚಕ್ರದ ಮೇಲಿನ ಕಮಾನಿಗೆ ತೇಪೆ ಆಯಿತು, ಉಳಿದದ್ದು ಇದೊಂದೇ, ಡ್ರೈವರನ ಕಾಲಡಿ, ರಬ್ಬರು ಹಾಸು ಎತ್ತುವವರೆಗೆ ಯಾರಿಗೂ ಕಾಣದ ಜಾಗ. ಹೊರಗೆ ನೋಡಿದರೆ ಎಷ್ಟು ಚಂದ, ಕೆಳಗೆ ನೀಲಿ ಮೇಲೆ ಬಿಳಿ, ಇಡೀ ಕಣಿವೆಗೆ ಗುರುತು, ಕೊಂಬಿ ಬಂತೆಂದರೆ ರಾಜರು ಬಂದರು. ಕೊರಕಲಿನ ಇಳಿಜಾರಿನಲ್ಲಿ ಹಿಂದಿನ ಸೀಟುಗಳಲ್ಲಿ ಮೇಳದ ಮುದುಕರು ಅಕಾರ್ಡಿಯನ್, ಡೋಲು, ಗಿಟಾರು ಅಪ್ಪಿಕೊಂಡು ಕೂತಿರುತ್ತಾರೆ, ಮೇಳದ ಯಜಮಾನ ಕಸ್ಸಿಯಾನೊನ ಮಂಡಿ ಸವೆದೇ ಹೋಗಿದೆ, ನಡೆದು ಹೋಗುವ ಮಾತಿಲ್ಲ, ಅಂಥ ಜಾಗದಲ್ಲಿ ಬ್ರೇಕು ತುಳಿದ ಕಾಲು ತಗಡನ್ನು ಹರಿದುಕೊಂಡು ನೆಲಕ್ಕಿಳಿದರೆ, ದೇವರೇ, ಬಾವುಟ, ಮುದುಕರು, ಎಲ್ಲ ಒಟ್ಟಿಗೆ ಹಳ್ಳಕ್ಕೆ. ಇಲ್ಲ. ಕೊಯ್ಯಬೇಕು, ಜೀವವಿರುವ ಕಬ್ಬಿಣ ಸಿಗುವವರೆಗೂ ಕೊಯ್ಯಬೇಕು.

ವ್ಯಾನು ನಿನ್ನನ್ನ ನುಂಗ್ತಾ ಇದ್ಯೋ ನೀನೇ ವ್ಯಾನನ್ನ ನುಂಗ್ತಾ ಇದ್ದೀಯೋ ಅತ್ತಿಗೆ — ಇದು ಓಸ್ಮಾರ್, ಜೊವೀನೊನ ತಮ್ಮ, ಕೈಗಾಡಿಯಲ್ಲಿ ವೆಲ್ಡಿಂಗ್ ಯಂತ್ರ ತಳ್ಳಿಕೊಂಡು ಬಂದಿದ್ದಾನೆ, ಯಂತ್ರದ ಮೇಲೆ ಒಂದು ಪುಟ್ಟಿ ಡಬ್ಬ, ಅದು ಕಂಡೊಡನೆ ಅವಳಿಗೆ ರೇಗುತ್ತದೆ, ಪುಟ್ಟಿ ಯಾಕೋ ತಂದೆ. ಸುಮ್ನೆ ಕೇಳು ಅತ್ತಿಗೆ, ನಾಳೆ ಸಂಜೆಗೆ ಗಾಡಿ ಹೊರಡ್ಬೇಕು, ಮಳೆ ಬೇರೆ ಆ ಗುಡ್ಡದ ಹಿಂದೆ ಮೂಗು ತೋರಿಸ್ತಾ ಇದೆ, ತೂತಿಗೆ ಪುಟ್ಟಿ ತುಂಬಿ ಮೇಲೊಂದು ತಗಡು ಹೊಡೆದು ಬಣ್ಣ ಬಳಿದ್ರೆ ರಾಜರಿಗೂ ಗೊತ್ತಾಗಲ್ಲ. ರಾಜರಿಗೆ ಗೊತ್ತಾಗುತ್ತೆ ಓಸ್ಮಾರ್, ಕೊಳೆತ ಬಟ್ಟೆಗೆ ತೇಪೆ ಹಾಕಿದ್ರೆ ಹೊಲಿಗೆ ಬಿಡಲ್ಲ, ಬಟ್ಟೆ ಬಿಡುತ್ತೆ, ಸುತ್ತ ಹರಿದುಕೊಂಡು ಬಿಡುತ್ತೆ, ನಿನ್ನ ಮದುವೆ ಪ್ಯಾಂಟು ನೆನಪಿದ್ಯಾ. ಅತ್ತೆ ಅಲ್ಲಿಂದ ಕಿಸಕ್ಕೆಂದಳು, ಪಾದ್ರಿ ಮುಂದೆ ಮಂಡಿಯೂರಿದನಲ್ಲ, ಇಗರ್ಜಿ ತುಂಬಾ ಪರ್ ಅಂತ. ಅವ್ವಾ, ನೀನು ಕಾಳು ಬಿಡಿಸು. ಅವನು ಕೈಚೀಲ ಬಿಚ್ಚುತ್ತಿದ್ದಾನೆ, ಅವಳು ಮತ್ತೆ ತಲೆ ಒಳಗಿಟ್ಟು ಉಳಿಯ ಮೂತಿಯನ್ನು ಗೆರೆಯ ಮೇಲೆ ಇಟ್ಟಳು, ಮೇಲಿನ ಗಟ್ಟಿ ಡಾಂಬರಿನ ಪದರ ಚಕ್ಕೆಯಾಗಿ ಎದ್ದಿತು, ಎದ್ದ ಚಕ್ಕೆಯ ಕೆಳಗೆ ಕಬ್ಬಿಣವಲ್ಲ, ಏನೋ ಹೊಳೆಯಿತು, ಕೆಂಪು, ಅಕ್ಷರ, ಇದೇನಿದು, ಉಗುರಿನಿಂದ ಕೆರೆದಳು, ಸೀಬೆಹಣ್ಣಿನ ಚಿತ್ರ, ಹಸಿರು ಎಲೆ, ಸೀಬೆಹಣ್ಣಿನ ಗಟ್ಟಿಪಾಕದ ಡಬ್ಬಿಯ ಮುಚ್ಚಳ, ಬಡಿದು ಚಪ್ಪಟೆ ಮಾಡಿ ಸುತ್ತ ಒತ್ತೊತ್ತಾಗಿ ರಿವಿಟ್ಟು ಹೊಡೆದದ್ದು, ಅದರಡಿಗೆ ಡಾಂಬರು, ಡಾಂಬರಿನಡಿಗೆ ಇನ್ನೊಂದು ಮುಚ್ಚಳ, ಅದರಡಿಗೆ ಮತ್ತೊಂದು, ಮರದ ಕಾಂಡದ ಸುತ್ತುಗಳ ಹಾಗೆ ವರ್ಷದ ಮೇಲೆ ವರ್ಷ. ಸೀಬೆಪಾಕ! ಮದುವೆಯಾದ ಹೊಸದರಲ್ಲಿ ಸಿಹಿ ಎಂದರೆ ಮುಖ ತಿರುವುತ್ತಿದ್ದವನು, ಹರಕೆ ಹೊತ್ತ ಮೇಲೆ ಪ್ರತಿ ಡಿಸೆಂಬರೂ ಪೇಟೆಗೆ ಹೋದರೆ ಸೀಬೆಪಾಕ ತಾರೇ ಸೀಬೆಪಾಕ ತಾರೇ ಎಂದು ಗೋಗರೆಯುತ್ತಿದ್ದ, ತಂದುಕೊಟ್ಟರೆ ಚೀಸಿನ ತುಂಡಿನ ಜೊತೆ ಕಷಾಯ ಕುಡಿಯುವ ಮುಖ ಮಾಡಿ ತಿನ್ನುತ್ತಿದ್ದ, ಅರ್ಧ ನಾಯಿಗೆ, ಆ ನಾಯಿ ಹಂದಿಯ ಹಾಗೆ ಊದಿಕೊಂಡಿತು, ವಯಸ್ಸಾಗುತ್ತ ಗಂಡಸಿಗೆ ನಾಲಿಗೆ ಚಪಲ ಬರುತ್ತದೆ ಎಂದುಕೊಂಡಳು ಅವಳು, ಪೆದ್ದಿ, ಅವನಿಗೆ ಬೇಕಾಗಿದ್ದದ್ದು ಡಬ್ಬಿ.

ಆದರೆ ಇಲ್ಲೇ ಯಾಕೆ ಇಷ್ಟು ತುಕ್ಕು, ಹೊರಗಿನ ಮಳೆ ತಾಗದ ಜಾಗ, ಛಾವಣಿ ಸೋರಿದ್ದಿಲ್ಲ, ಗಾಜು ಸೋರಿದ್ದಿಲ್ಲ — ಅವಳು ಅಂಗಾತ ತಿರುಗಿದಳು, ಮೇಲೆ ನೋಡಿದಳು, ಸ್ಟೇರಿಂಗಿನ ಪಕ್ಕದಲ್ಲಿ ಮೂವರು ರಾಜರ ಪುಟ್ಟ ಮೂರ್ತಿಗಳು, ಅವರ ಕಾಲಬುಡದಲ್ಲಿ ತಂತಿ ಕಟ್ಟಿ ತೂಗುಬಿಟ್ಟ ಗಾಜಿನ ಜಾಡಿ, ಜಾಡಿಯಲ್ಲಿ ಹೂವು. ಅವಳೇ ಇಟ್ಟದ್ದು. ಕಾಯಿಲೆಯಿಂದ ಎದ್ದು ಗೋಡೆ ಹಿಡಿದು ನಡೆಯುವಂತಾದ ಮೊದಲ ಶನಿವಾರ ಅವಳು ಇಟ್ಟ ಹೂವು, ಆಮೇಲೆ ಪ್ರತಿ ಶನಿವಾರ, ಸೇವಂತಿಗೆ, ದಾಸವಾಳ, ಏನೂ ಇಲ್ಲದ ದಿನ ಬೇಲಿಯ ಕಾಡುಹೂವು, ಜಾಡಿ ತುಂಬ ಬಾವಿಯ ನೀರು, ಬಾಡಬಾರದಲ್ಲ, ಭಗವಂತನಿಗೆ ಬಾಡಿದ ಹೂವಿನಲ್ಲಿ ಕೃತಜ್ಞತೆ ಹೇಳುವುದುಂಟೇ, ಮತ್ತು ನಮ್ಮ ರಸ್ತೆ, ಗುಂಡಿಯಿಂದ ಗುಂಡಿಗೆ ಕುಣಿಯುವ ರಸ್ತೆ, ಜಾಡಿ ತುಳುಕದೆ ಇರುತ್ತದೆಯೇ, ತುಳುಕಿದ್ದು ಎಲ್ಲಿಗೆ ಹೋಗುತ್ತದೆ, ಕೆಳಗೆ, ಅವನ ಕಾಲಿಗೆ. ಬೂಟು. ಹೊಸ್ತಿಲ ಮೇಲಿನ ಒದ್ದೆ ಬೂಟು, ಮಳೆಯಿಲ್ಲದ ತಿಂಗಳಲ್ಲೂ ಒದ್ದೆ, ಅವಳು ಎಷ್ಟು ಬೈದಿಲ್ಲ, ಎಳೇ ಮಗೂನಾ ನೀನು, ದಾರೀಲಿ ಸಿಕ್ಕ ಸಿಕ್ಕ ಕೊಚ್ಚೇಲೆಲ್ಲ ಕಾಲಿಡ್ತೀಯಲ್ಲ, ಹೊಸ ಸಾಕ್ಸು ಹಾಳು, ಅವನು ಬೂಟಿನ ದಾರ ಬಿಚ್ಚುತ್ತ ನಗುತ್ತಿದ್ದ, ಏನ್ ಮಾಡೋದೇ, ಕಣ್ಣು ಮಂಜಾಯ್ತು, ಕೊಚ್ಚೆ ಕಾಣಲ್ಲ, ಎನ್ನುತ್ತಿದ್ದ, ದೂರದ ಗುಡ್ಡದ ಮೇಲೆ ಯಾರ ಹಸು ಎಂದು ಹೇಳುವ ಕಣ್ಣವನು.

ನಿನಗೆ ಗೊತ್ತಿತ್ತಾ ಓಸ್ಮಾರ್, ಎಂದಳು ಅವಳು. ಓಸ್ಮಾರ್ ಬಗ್ಗಿ ಮುಚ್ಚಳಗಳನ್ನು ನೋಡಿದ, ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. ಗೊತ್ತಿತ್ತು ಅತ್ತಿಗೆ, ರಿವಿಟ್ಟು ಹೊಡೆಯೋವಾಗ ಕೆಳಗಿಂದ ಒತ್ತಿ ಹಿಡೀತಾ ಇದ್ದೋನು ನಾನೇ, ಆ ಜಾಡಿ ತೆಗೆಸಣ್ಣಾ, ಕಾಗದದ ಹೂ ಇಡು ಅನ್ನು ಅಂದೆ, ಎಷ್ಟು ಸಲ ಅಂದೆ, ಅವನೊಂದೇ ಮಾತು, ಹೂವಿಟ್ಟೋಳು ಉಸಿರಾಡ್ತಾ ಇದ್ದಾಳಲ್ಲೋ, ತಗಡು ಇನ್ನೊಂದು ಸಿಗುತ್ತೆ. ಅವಳು ಉಸಿರಾಡಿದಳು, ಅಷ್ಟೇ, ಒಳಗೆ, ಹೊರಗೆ, ಗೊರಗೊರ ಇಲ್ಲದ ಸ್ವಚ್ಛ ಉಸಿರು, ಅವನು ಬೇಡಿ ತಂದ ಉಸಿರು. ಓಸ್ಮಾರ್ ಈಗ ಅವಸರದಲ್ಲಿ ಹೇಳುತ್ತಿದ್ದಾನೆ, ಇರ್ಲಿ ಬಿಡು ಅತ್ತಿಗೆ, ಅಣ್ಣನ ಕೈಕೆಲಸ, ಅದರ ಮೇಲೇ ಹೊಸ ತಗಡು ಕೂರಿಸೋಣ, ಒಳಗೆ ಹಾಗೇ ಇರ್ಲಿ, ಇದನ್ನ ಕೊಯ್ಯೋಕೆ ನನ್ನ ಕೈ ಬರಲ್ಲ. ಇರಲಿಯೇ? ಇರಲಿ ಅನ್ನುತ್ತಿದೆ ಮನಸ್ಸು, ಅವನ ಬೆರಳು ಒತ್ತಿದ ಡಾಂಬರಿನಲ್ಲಿ ಇನ್ನೂ ಬೆರಳಚ್ಚಿದೆ ನೋಡು, ಹೆಬ್ಬೆರಳು, ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟರೆ ಹಳ್ಳದಲ್ಲಿ ಕಲ್ಲು ಕೂತಂತೆ ಕೂರುತ್ತದೆ, ಆದರೆ ಸುತ್ತಿಗೆ ತಟ್ಟಿದಾಗ ಅಲ್ಲಿ ಏನೆಂದಿತು, ದಬ್ ಎಂದಿತು, ಪ್ರೀತಿಯಿಂದ ಮಾಡಿದ್ದೂ ಕೊಳೆಯುತ್ತದೆ, ಕೊಳೆತದ್ದರ ಮೇಲೆ ಹೊಸತು ನಿಲ್ಲುವುದಿಲ್ಲ, ನಾಳೆ ಬೇಕಾದದ್ದು ಹರಕೆಗೆ ದಾರಿ, ನೆನಪಿಗೆ ಪೆಟ್ಟಿಗೆಯಲ್ಲ. ಯಾವಾಗ ಎದ್ದು ಬಂದಳೋ ತೆಯೊದೋರ, ಮಡಿಲಲ್ಲಿ ಕಾಳಿನ ಸಿಪ್ಪೆ ಹಾಗೇ ಇದೆ, ಬಾಗಿಲ ಅಂಚು ಹಿಡಿದು ಒಳಗೆ ಇಣುಕಿ ಮುಚ್ಚಳಗಳನ್ನು ಬಹಳ ಹೊತ್ತು ನೋಡಿದಳು. ಕೊಯ್ಯೇ, ಎಂದಳು. ಅವ್ವಾ, ಎಂದ ಓಸ್ಮಾರ್. ಸುಮ್ನಿರೋ, ಅವನು ನನ್ನ ಮಗ, ಹೊಕ್ಕುಳ ಬಳ್ಳಿ ಕೊಯ್ದಾಗ್ಲೂ ಚೀರಿದ, ಆಮೇಲೆ ಎದ್ದು ನಡೆದ, ಕೊಯ್ಯೇ ಮಗಳೇ.

ಕತ್ತರಿಸುವ ಯಂತ್ರ ಭರ್ರೆಂದಿತು, ಕಿಡಿ ಹಾರಿ ತೋಳಿಗೆ ಚುಚ್ಚಿತು, ಚುಚ್ಚಲಿ, ಸೀಮೆಸುಣ್ಣದ ಗೆರೆಯ ಮೇಲೆ, ಗೆರೆ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಓ ರಾಜರೇ, ಚಿನ್ನ ತಂದವನೇ ಧೂಪ ತಂದವನೇ ರಕ್ತಬೋಳ ತಂದವನೇ, ನನ್ನ ಕೈ ನಡುಗದಿರಲಿ, ಒಂದು ಬದಿ, ಇನ್ನೊಂದು ಬದಿ, ಮೂಲೆ, ಮೂಲೆಯಲ್ಲಿ ಯಂತ್ರ ಓಡುವುದಿಲ್ಲ, ತಗಡು ಕತ್ತರಿ ತಾರೋ, ಕತ್ತರಿ ಕೈಗೆ ಬಂದಿತು, ಕೊನೆಯ ಎಳೆ, ದೊಪ್, ಇಡೀ ತೇಪೆಯ ತುಂಡು ನೆಲಕ್ಕೆ ಬಿತ್ತು, ರೊಟ್ಟಿಯಷ್ಟು ದಪ್ಪ, ಧೂಳು, ಧೂಳು ಕೂತ ಮೇಲೆ ಅಂಗಳದ ಮಣ್ಣು, ಒಂದು ಇರುವೆ. ತೆಯೊದೋರ ಬಗ್ಗಿ ಆ ತುಂಡನ್ನು ಎತ್ತಿ ಲಂಗದ ಅಂಚಿನಲ್ಲಿ ಧೂಳು ಒರೆಸಿ ಮಾವಿನ ಮರದತ್ತ ನಡೆದೇಬಿಟ್ಟಳು. ಈಗ ಓಸ್ಮಾರ್‌ನ ಕೈ ಬಂದಿತು, ವೆಲ್ಡಿಂಗ್ ಮುಖವಾಡ ಕಟ್ಟಿಕೊಂಡ, ಹೊಸ ತಗಡನ್ನು ಅವಳು ತೂತಿನ ಮೇಲೆ ಕಾಗದವಿಟ್ಟು ಮಾದರಿ ಕತ್ತರಿಸಿ, ಅಂಚಿಗೆ ಹೊಲಿಗೆಗೆ ಬಿಡುವ ಹಾಗೆ ಎರಡು ಬೆರಳು ಬಿಟ್ಟು ಕೊಯ್ದಳು, ಸತ್ತ ಫ್ರಿಜ್ಜಿನ ಬೆನ್ನಿನ ತಗಡು, ಕೆಳಗಿನಿಂದ ಒತ್ತಿ ಹಿಡಿಯಲು ಒಬ್ಬರು ಬೇಕು, ಅವಳೇ ನುಸುಳಿದಳು, ದಿಮ್ಮಿಗಳ ಮೇಲೆ ನಿಂತ ವ್ಯಾನಿನ ಅಡಿಗೆ, ಅಂಗಾತ, ಒದ್ದೆ ಗೋಣಿ ಸುತ್ತಿದ ಎರಡೂ ಅಂಗೈಯನ್ನು ತಗಡಿಗೆ ಕೊಟ್ಟು ಮೇಲಕ್ಕೆ ಒತ್ತಿದಳು, ಕೂತಿತು, ಅಳತೆಗೆ ಸರಿಯಾಗಿ ಕೂತಿತು. ಕಣ್ಣು ಮುಚ್ಚು ಅತ್ತಿಗೆ, ಹಾಂ, ಮತ್ತೆ ಆ ಜಾಡಿ, ಮನೆಯೊಳಗಿಡ್ಲಾ. ಅಲ್ಲೇ ಇರ್ಲಿ. ಮತ್ತೆ ತುಳುಕುತ್ತಲ್ಲ. ತುಳುಕಲಿ ಬಿಡೋ, ನಾಳೆ ಓಡಿಸೋಳು ನಾನು. ಅವನು ಮೇಲೆ ಎಲ್ಲೋ ನಕ್ಕ, ಅಥವಾ ಮೂಗು ಸೊರ್ರೆನಿಸಿದ, ಆಮೇಲೆ ಚರ್ ಎಂಬ ಸದ್ದು, ಮುಚ್ಚಿದ ಕಣ್ಣಿನಾಚೆಗೂ ಬೆಳಕು, ಅಂಚುಗಳು ಒಂದಕ್ಕೊಂದು ಹತ್ತುತ್ತಿವೆ, ನಾಳೆ ಸಂಜೆ ಬಾವುಟ, ಕಸ್ಸಿಯಾನೊನ ನಡುಗುವ ದನಿ, ಓ ಮನೆಯೊಡೆಯಾ ಬಾಗಿಲು ತೆರೆ, ಕೊರಕಲಿನ ಕೊನೆಯ ಮನೆಯಲ್ಲಿ ದೀಪ, ತೆರೆಯುತ್ತಾರೆ, ಬಾವುಟದ ಹಿಂದೆ ಬರುವ ಜೊವೀನೊನ ಮುಖಕ್ಕೆ ಬಾಗಿಲು ಯಾರೂ ಮುಚ್ಚುವುದಿಲ್ಲ, ಗೋಣಿಯ ನೀರು ಕಾದು ಹನಿಯಾಗಿ ಮೊಣಕೈಗೆ ಇಳಿಯುತ್ತಿದೆ, ತಗಡು ಬಿಸಿ, ಬಿಡಬಾರದು, ಬಿಡುವುದಿಲ್ಲ, ಮೇಲೆ ಇದೇ ಜಾಗದಲ್ಲಲ್ಲವೇ ಅವನು ಪಾದ ಊರುತ್ತಿದ್ದದ್ದು, ಎಡ ಅಂಗೈಯ ಮೇಲೆ ಎಡಪಾದ, ಬಲ ಅಂಗೈಯ ಮೇಲೆ ಬಲಪಾದ, ಒತ್ತು, ಇನ್ನೂ ಒತ್ತು, ಬೂಟು — ದಾರ ಸಡಿಲ, ನಾಲಿಗೆ ಹೊರಚಾಚಿ, ಹಿಮ್ಮಡಿಯ ಸುತ್ತ ಹೊಸ್ತಿಲ ಕಲ್ಲಿನ ಮೇಲೆ ಹರಡಿದ ಕಪ್ಪು ನೀರು, ಆ ಬೂಟು, ಎರಡೂ ಬೂಟು, ತನ್ನ ಅಂಗೈಗಳ ಮೇಲೆ