ಅಂಗೈ ರೊಟ್ಟಿ

"ಕೊಡಿಲ್ಲೆ," ಎಂದು ಲಿಂಗರಾಜ ಕೈ ಚಾಚುವ ಹೊತ್ತಿಗೆ ಗಿರಿಜಮ್ಮನ ಅಂಗೈಗಳ ನಡುವೆ ರೊಟ್ಟಿ ಮತ್ತೊಮ್ಮೆ ಅಂಚಿನಿಂದ ಸೀಳಿ ಎರಡು ತುಂಡಾಗಿತ್ತು. ಒಂದು ತುಂಡು ಪರಾತದೊಳಗೆ ಬಿತ್ತು, ಇನ್ನೊಂದು ಗ್ಯಾಸಿನ ಕಟ್ಟೆಯ ಮೇಲೆ. ಬ್ಯಾಡಗಿ ಕಡೆಯ ಹೆಣ್ಣುಮಗಳು ಅವಳು. ಜೋಳದ ರೊಟ್ಟಿಯನ್ನು ಕಣ್ಣು ಮುಚ್ಚಿಕೊಂಡು ಬಡಿಯಬಲ್ಲಳು. ಆದರೆ ಹಲಗೆಯ ಮೇಲೆ ಬಡಿದು ರೂಢಿಯಾದ ಕೈಗೆ, ಎರಡು ಅಂಗೈ ನಡುವೆ ತಟ್ಟಿ ತಟ್ಟಿ ಅಗಲ ಮಾಡುವ ಈ ಗುಜರಾತಿ ಸೀಮೆಯ ಮೆಕ್ಕೆಜೋಳದ ರೊಟ್ಟಿ ಒಲಿಯುತ್ತಿರಲಿಲ್ಲ. ಚಳಿಗಾಲವಿಡೀ ಅದನ್ನು ಮಾಡಿಕೊಡುತ್ತಿದ್ದವಳು ಮನೆಗೆಲಸದ ರಮೀಲಾ. ಅವಳು ಹೋಳಿ ಹಬ್ಬಕ್ಕೆಂದು ದಾಹೋದ್ ಕಡೆಯ ತನ್ನ ಹಳ್ಳಿಗೆ ಹೋಗಿದ್ದಳು. ಹಿಟ್ಟು ಡಬ್ಬಿಯಲ್ಲಿ ಉಳಿದಿತ್ತು, ಭಾನುವಾರವಾಗಿತ್ತು, ಲಿಂಗರಾಜನಿಗೆ ಅದೇ ಬೇಕೆನಿಸಿತ್ತು.

"ಗೊಂಜಾಳದ ಹಿಟ್ಟಿಗೆ ಜಿಗಟ ಅನ್ನೂದ ಇಲ್ಲ ನೋಡ್ರಿ. ನಮ್ಮ ಊರಾಗ ಕೋಳಿಗೆ ಹಾಕ್ತಾರ. ನೀವು ಇಲ್ಲಿ ಬಂದು ಇದರ ಮ್ಯಾಲೆ ಜೀವಾ ಬಿಡ್ತೀರಿ," ಎಂದು ಗೊಣಗುತ್ತ ಗಿರಿಜಮ್ಮ ಪರಾತ ಸರಿಸಿದಳು.

ಲಿಂಗರಾಜ ಪರಾತವನ್ನು ನೆಲಕ್ಕಿಳಿಸಿ ಅದರ ಮುಂದೆ ಕೂತ. ಅವಳು ಕಲಸಿಟ್ಟ ಹಿಟ್ಟನ್ನು ಒಂದು ಮೂಲೆಗೆ ತಳ್ಳಿ, ಒಂದೇ ರೊಟ್ಟಿಗಾಗುವಷ್ಟನ್ನು ತೆಗೆದುಕೊಂಡು, ಬಿಸಿನೀರು ಚಿಮುಕಿಸಿ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದ. ಹಾಲ್‌ನಲ್ಲಿ ಟಿವಿಯೊಳಗೆ ಕ್ರಿಕೆಟ್ ಓಡುತ್ತಿತ್ತು. ಅವನ ಕಣ್ಣು ಬಾಗಿಲಿನಾಚೆ ಅದರ ಮೇಲೆಯೇ ಇತ್ತು. ಕೈ ಮಾತ್ರ ನೀರಿಗೆ ಅದ್ದಿ ಬಂತು, ಉಂಡೆಯನ್ನು ಎತ್ತಿಕೊಂಡಿತು, ಟಪ್ ಟಪ್ ಎಂದು ತಟ್ಟತೊಡಗಿತು. ಪ್ರತಿ ತಟ್ಟಿಗೂ ರೊಟ್ಟಿ ಅಷ್ಟಷ್ಟೇ ತಿರುಗುತ್ತ ಅಗಲವಾಯಿತು. ಅಂಚು ಒಂದೆಡೆಯೂ ಬಿರಿಯಲಿಲ್ಲ. ಎದ್ದು ಮಣ್ಣಿನ ಹಂಚಿನ ಮೇಲೆ ಒಂದು ಸುಕ್ಕೂ ಬೀಳದಂತೆ ಅದನ್ನು ಹಾಸಿ, "ಔಟಾದ್ನಲ್ಲೋ!" ಎಂದು ಟಿವಿಯನ್ನು ಬೈದ.

ಗಿರಿಜಮ್ಮ ಬಾಯಿ ತೆರೆದುಕೊಂಡು ನಿಂತಿದ್ದಳು. ಮದುವೆಯಾದಾಗಿನಿಂದ ಹಾಲು ಕಾಯಿಸಿದರೆ ಉಕ್ಕಿಸದೆ ಬಿಟ್ಟವನಲ್ಲ ಈ ಮನುಷ್ಯ.

"ಎಲ್ಲಿ ಕಲ್ತ್ರಿ ಇದನ್ನ?"

"ಏನ?"

"ರೊಟ್ಟಿ ತಟ್ಟೂದು."

ಲಿಂಗರಾಜ ತನ್ನ ಕೈಗಳನ್ನು ನೋಡಿಕೊಂಡ. "ರಮೀಲಾ ಮಾಡೂದ ನೋಡೀನಲ್ಲ. ಏನ್ ದೊಡ್ಡ ವಿದ್ಯಾ ಅದು," ಎಂದವನೇ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ.

ರಮೀಲಾ ಬರುವುದು ಅವನು ಫ್ಯಾಕ್ಟರಿಗೆ ಹೋದ ಮೇಲೆ. ಭಾನುವಾರ ಅವಳಿಗೆ ರಜೆ. ಅವಳು ತಟ್ಟುವುದನ್ನು ಇವನು ನೋಡಿದ್ದು ಯಾವಾಗ? ಗಿರಿಜಮ್ಮ ಅದನ್ನೇ ಕೇಳಿದಾಗ ಲಿಂಗರಾಜ ಟವೆಲಿಗೆ ಕೈ ಒರೆಸುತ್ತ, "ಮತ್ತ ಮೊದ್ಲ ಮೆಸ್ಸಿನ್ಯಾಗ ಇದ್ದಾಗ ನೋಡಿರಬೇಕು ಬಿಡು," ಎಂದು ಟಿವಿಯ ಮುಂದೆ ಹೋಗಿ ಕೂತ. ಒಂದು ಪ್ರಶ್ನೆಗೆ ಎರಡು ಉತ್ತರ. ಗಿರಿಜಮ್ಮನಿಗೆ ಅಷ್ಟು ಸಾಕಾಯಿತು.

ಸಂಶಯ ಅವಳ ಹುಟ್ಟುಗುಣ. ತರಕಾರಿ ಗಾಡಿಯವನು ತಕ್ಕಡಿ ಎತ್ತಿದರೆ ಬಗ್ಗಿ ತಕ್ಕಡಿಯ ತಳ ನೋಡುತ್ತಾಳೆ. ಹಾಲಿನವನ ಎದುರೇ ಹಾಲಿಗೆ ಬೆರಳದ್ದುತ್ತಾಳೆ. ಹೌಸಿಂಗ್ ಸೊಸೈಟಿಯ ವಾಚ್‌ಮನ್ ನಗುನಗುತ್ತ ಮಾತಾಡಿಸಿದರೆ ನೀರಿನ ಮೋಟರು ಸುಟ್ಟಿರಬೇಕೆಂದು ಊಹಿಸುತ್ತಾಳೆ, ಎಷ್ಟೋ ಸಲ ಸುಟ್ಟಿರುತ್ತದೆ ಕೂಡ. "ನಿನ್ನ ಪೊಲೀಸರಾಗ ಸೇರಿಸಬೇಕಿತ್ತು," ಎಂದು ಲಿಂಗರಾಜ ನಗಾಡುತ್ತಿದ್ದ. ಆದರೆ ಇಷ್ಟು ವರ್ಷದಲ್ಲಿ ಅವಳ ಆ ಕಣ್ಣು ಬೀಳದೆ ಉಳಿದಿದ್ದವನು ಅವನೊಬ್ಬನೇ. ಕುಡಿತವಿಲ್ಲ, ಇಸ್ಪೀಟಿಲ್ಲ, ಮಕರಪುರದ ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿ ಬಿಟ್ಟರೆ ಮನೆ. ಮಕ್ಕಳಾಗಲಿಲ್ಲವೆಂದು ಊರಿನವರು ಇನ್ನೊಂದು ಮದುವೆಯ ಮಾತೆತ್ತಿದಾಗ, "ನನಗ ಗಿರಿಜಾ ಸಾಕು," ಎಂದು ಎಲ್ಲರ ಬಾಯಿ ಮುಚ್ಚಿಸಿದವನು. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಈ ಪರವೂರಿನಲ್ಲಿ ಬಾಳ್ವೆ ಮಾಡಿದ್ದಳು.

ಮುಂದಿನ ಭಾನುವಾರ ಅವಳು ಮುಂಗೈಗೆ ಮುಲಾಮು ಹಚ್ಚಿ, ಹಳೇ ಸೀರೆಯ ಚೂರು ಸುತ್ತಿಕೊಂಡಳು. ಮುಖವನ್ನೂ ಸ್ವಲ್ಪ ಸೊರಗಿಸಿಕೊಂಡಳು.

"ಕೈ ಉಳುಕೇತ್ರಿ. ಅವತ್ತಿನಂಗ ನೀವ ಎರಡು ರೊಟ್ಟಿ ತಟ್ಟಿಬಿಡ್ರಿ."

"ಹೊರಗಿಂದ ಏನರ ತರಸೂಣು ತಗೊ."

"ಹೊರಗಿಂದು ನನಗ ಎದಿ ಉರಿ. ಹಿಟ್ಟ ಕಲಸೀನಿ, ಬರ್ರಿ."

ಲಿಂಗರಾಜ ಮನಸ್ಸಿಲ್ಲದ ಮನಸ್ಸಿನಿಂದ ಬಂದು ಕೂತ. ಗಿರಿಜಮ್ಮ ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯುವ ನೆಪದಲ್ಲಿ ಅವನ ಎದುರೇ ಕೂತಳು. ಅವನು ಉಂಡೆ ಎತ್ತಿಕೊಂಡು ತಟ್ಟತೊಡಗಿದ. ಮೊದಲ ನಾಲ್ಕಾರು ತಟ್ಟು ಹದವಾಗಿಯೇ ಬಿದ್ದವು. ರೊಟ್ಟಿ ತಿರುಗಿತು, ಅಂಚು ಗುಂಡಗಾಯಿತು. ಆಮೇಲೆ ಅವನು ತಲೆಯೆತ್ತಿದ. ಅವಳ ಕಣ್ಣಿಗೆ ಕಣ್ಣು ಸಿಕ್ಕಿತು. ಮುಂದಿನ ತಟ್ಟಿಗೆ ಅವನ ಹೆಬ್ಬೆರಳು ರೊಟ್ಟಿಯ ನಟ್ಟನಡುವೆ ಊರಿತು, ರೊಟ್ಟಿ ಹರಿದು ಪರಾತಕ್ಕೆ ಬಿತ್ತು.

"ಬರವಲ್ದು ನೋಡು. ಅವತ್ತ ಹೆಂಗೋ ಬಂದಿತ್ತು," ಎಂದು ಲಿಂಗರಾಜ ನಕ್ಕ.

ಗಿರಿಜಮ್ಮ ನಗಲಿಲ್ಲ. ಬಾರದವರ ಕೈಯಲ್ಲಿ ರೊಟ್ಟಿ ಅಂಚಿನಿಂದ ಸೀಳುತ್ತದೆ. ನಡುವಿನಿಂದ ಹರಿಯಬೇಕೆಂದರೆ ಯಾರಾದರೂ ಹರಿಯಬೇಕು. ಹುಟ್ಟಿದಾಗಿನಿಂದ ರೊಟ್ಟಿಯ ನಡುವೆಯೇ ಬೆಳೆದವಳಿಗೆ ಇಷ್ಟೂ ತಿಳಿಯುವುದಿಲ್ಲವೆಂದು ಅವನು ಭಾವಿಸಿದನಲ್ಲ ಎಂದು ಅವಳಿಗೆ ಮೊದಲು ಅವಮಾನವಾಯಿತು, ಆಮೇಲೆ ಹೆದರಿಕೆಯಾಯಿತು. ಬಾಯಿಂದ ಸುಳ್ಳು ಹೇಳಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಕೈಯಿಂದ ಸುಳ್ಳು ಹೇಳುವವನನ್ನು ಏನೆಂದು ಕೇಳುವುದು? ಹರಿದ ಹಿಟ್ಟನ್ನು ಮುದ್ದೆ ಮಾಡಿ ಮುಚ್ಚಿಟ್ಟು, ಅವಳು ಅನ್ನಕ್ಕೆ ಇಟ್ಟಳು.

ಆ ವಾರ ರಮೀಲಾ ಬಂದಳು. ಹೋಳಿ ಜಾತ್ರೆಯ ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಳು. ಬೆನ್‌ಗೆಂದು, ಅಂದರೆ ಅಕ್ಕನಿಗೆಂದು, ತನ್ನ ಮನೆಯ ಮೆಕ್ಕೆಜೋಳ ಬೀಸಿದ ಹಿಟ್ಟನ್ನೂ ಗಂಟು ಕಟ್ಟಿ ತಂದಿದ್ದಳು. ಗಿರಿಜಮ್ಮ ಅವಳ ಮುಂದೆ ಚಹಾ ಇಟ್ಟು, ಹಿಂದಿ ಗುಜರಾತಿ ಎರಡನ್ನೂ ಕಲಸಿದ ತನ್ನ ಭಾಷೆಯಲ್ಲಿ ಮಾತಿಗೆಳೆದಳು. ನಿಮ್ಮ ಕಡೆ ಗಂಡಸರು ರೊಟ್ಟಿ ತಟ್ಟುತ್ತಾರೇನು?

ರಮೀಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಗಂಡಸರಾ? ಕೂತು ತಿನ್ನೋದು ಅವರ ಕೆಲಸ, ಬೆನ್."

"ಒಬ್ಬರೂ ಇಲ್ಲವಾ?"

"ಹಾಂ, ಒಂದು ಸಲ ಮಾಡ್ತಾರೆ. ಹೆಂಗಸು ಹೆತ್ತು ಮಲಗಿದಾಗ. ಕೂಲಿಗೆ ಅಂತ ಊರು ಬಿಟ್ಟು ಬಂದಿರ್ತೀವಲ್ಲ, ಅಲ್ಲಿ ಅತ್ತೆ ಇಲ್ಲ, ತಾಯಿ ಇಲ್ಲ. ಅವನೇ ತಟ್ಟಬೇಕು, ಬೇರೆ ದಾರಿ ಏನಿದೆ? ನನ್ನ ದೊಡ್ಡ ಮಗ ಹುಟ್ಟಿದಾಗ ನಮ್ಮವನೂ ಹಾಗೇ ಕಲಿತ. ಎಷ್ಟು ದಿನ ಒಡೆದ ರೊಟ್ಟಿ ತಿಂದೆನೋ ದೇವರಿಗೇ ಗೊತ್ತು."

"ಸುಮ್ಮನೆ ನೋಡಿ ಕಲೀಬಹುದಲ್ಲ?"

ರಮೀಲಾ ಲೋಟ ಕೆಳಗಿಟ್ಟಳು. "ಇಡೀ ಚಳಿಗಾಲ ನೀವು ನನ್ನ ಪಕ್ಕದಲ್ಲೇ ನಿಂತು ನೋಡಿದಿರಿ. ಬಂತಾ?"

ಅವಳು ಪಾತ್ರೆ ತಿಕ್ಕಿ, ನೆಲ ಒರೆಸಿ ಹೋದ ಮೇಲೆ ಗಿರಿಜಮ್ಮ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತರಲು ಹೋದವಳು ಅಲ್ಲೇ ಕೂತುಬಿಟ್ಟಳು. ಮದುವೆಗೆ ಮುಂಚೆ ಲಿಂಗರಾಜ ಕಾಂಟ್ರಾಕ್ಟರನೊಬ್ಬನ ಕೈಕೆಳಗೆ ವೈರ್‌ಮನ್ ಆಗಿ ದಾಹೋದ್ ಕಡೆ ಕರೆಂಟಿನ ಕಂಬ ನೆಡಿಸುವ ಕೆಲಸದಲ್ಲಿದ್ದ. ಅದು ಅವಳಿಗೆ ಗೊತ್ತಿದ್ದದ್ದೇ. ಹೆಣ್ಣು ನೋಡಲು ಬಂದಾಗ ಅವನ ಅಪ್ಪ ಹೆಮ್ಮೆಯಿಂದ ಹೇಳಿದ್ದ ಮಾತು ಅದು. ಕಾಡಿನಂಥ ಜಾಗ, ಅಲ್ಲಿ ಮೆಸ್ಸು ಎಲ್ಲಿತ್ತು?

ಅವಳಿಗೆ ಅಳಕಾಪುರಿಯ ಆ ಡಾಕ್ಟರಮ್ಮನ ಕೋಣೆ ನೆನಪಾಯಿತು. ಮದುವೆಯಾಗಿ ಕೆಲವು ವರ್ಷ ಕಳೆದಿತ್ತು. ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರಮ್ಮ ಹೇಳಿದಾಗ ಲಿಂಗರಾಜ ಹಿಂದೆಮುಂದೆ ನೋಡದೆ, "ನನ್ನದೇನೂ ತೊಂದರೆ ಇಲ್ಲ, ಇವಳದು ನೋಡಿ," ಎಂದಿದ್ದ. ಡಾಕ್ಟರಮ್ಮ ಬೈದರೂ ಅವನು ಜಗ್ಗಲಿಲ್ಲ. ಗಂಡಸರ ಜಂಬವೆಂದು ಗಿರಿಜಮ್ಮ ಸುಮ್ಮನಾಗಿದ್ದಳು. ಆಮೇಲೆ ಮಾತ್ರೆ, ಇಂಜೆಕ್ಷನ್, ಅತ್ತೆ ಹೇಳಿದ ಹರಕೆ, ಸೋಮವಾರದ ಉಪವಾಸ, ಊರಿಗೆ ಹೋದಾಗಲೆಲ್ಲ ಓರಗಿತ್ತಿಯರ ಕನಿಕರ, ಎಲ್ಲವನ್ನೂ ಅವಳೊಬ್ಬಳೇ ನುಂಗಿದ್ದಳು.

ಅದು ಜಂಬವಾಗಿರಲಿಲ್ಲ. ತನಗೆ ಮಕ್ಕಳಾಗುತ್ತವೆಂದು ಅವನಿಗೆ ಮೊದಲೇ ಗೊತ್ತಿತ್ತು.

ಗಿರಿಜಾ ಸಾಕು ಎಂದನಂತೆ! ಸಾಕು ಎನ್ನುವವನು ಇನ್ನೆಲ್ಲೋ ಉಂಡು ಬಂದವನೇ ಇರಬೇಕು. ಹಸಿದವನು ಸಾಕು ಎನ್ನುತ್ತಾನೆಯೇ? ಮತ್ತೆ ತಾನೇ ತಪ್ಪು ತಿಳಿದಿದ್ದರೆ ಎಂಬ ಆಸೆಯೂ ಮೂಲೆಯಲ್ಲಿತ್ತು. ತನ್ನ ಸಂಶಯ ಒಂದು ಸಲವಾದರೂ ಸುಳ್ಳಾಗಲಿ ಎಂದು ಅವಳು ಮಡಿಲಿನ ಬಟ್ಟೆಗಳನ್ನು ಹಿಂಡುತ್ತ ಬೇಡಿಕೊಂಡಳು.

ಸಂಜೆ ಲಿಂಗರಾಜ ಸ್ಕೂಟರಿನ ಕೀಲಿ ಮೊಳೆಗೆ ತಗುಲಿಸಿ ಒಳಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಪರಾತ ಇತ್ತು. ಪಕ್ಕದಲ್ಲಿ ರಮೀಲಾ ತಂದ ಹಿಟ್ಟು, ತಂಬಿಗೆಯಲ್ಲಿ ಬಿಸಿನೀರು, ಮುಂದೆ ಎರಡು ಖಾಲಿ ತಾಟು. ಹಂಚು ಕಾದು ಮಣ್ಣಿನ ವಾಸನೆ ಏಳುತ್ತಿತ್ತು. ಗಿರಿಜಮ್ಮನ ಮುಂಗೈಗೆ ಯಾವ ಬಟ್ಟೆಯೂ ಇರಲಿಲ್ಲ.

"ಕುಂದರ್ರಿ," ಎಂದಳು. "ಈ ಸಲ ಒಡೀಬ್ಯಾಡ್ರಿ."

ಅವನು ಅವಳ ಮುಖ ನೋಡಿದ. ಫ್ಯಾಕ್ಟರಿಯ ಅಂಗಿಯಲ್ಲೇ ತೋಳು ಮಡಚಿಕೊಂಡು ಕೂತು ಹಿಟ್ಟಿಗೆ ನೀರು ಹಾಕಿದ. ಟಿವಿ ಬಂದ್ ಆಗಿತ್ತು. ಒಂದೊಂದೇ ರೊಟ್ಟಿ ಅವನ ಅಂಗೈಯಿಂದ ಗುಂಡಗೆ, ದಪ್ಪಗೆ, ಬಿರುಕಿಲ್ಲದೆ ಬಂತು. ಅವನು ಕೊಟ್ಟದ್ದನ್ನು ಅವಳು ಹಂಚಿಗೆ ಹಾಕಿದಳು, ಮಗುಚಿದಳು, ಉರಿಯ ಮೇಲೆ ಸುಟ್ಟು ತಾಟಿಗೆ ಹಾಕಿದಳು. ಅವನು ತಟ್ಟುತ್ತ ತಟ್ಟುತ್ತ ಎಲ್ಲೋ ಹೋಗಿಬಿಟ್ಟಿದ್ದ. ಮುಖದ ಬಿಗಿಯೂ ಸಡಿಲಾಗಿತ್ತು. ಅವಳಿಗೆ ಈ ಮುಖವನ್ನು ತಾನೆಂದೂ ನೋಡಿಲ್ಲವೆನಿಸಿತು.

ಕೊನೆಗೆ ಪರಾತಕ್ಕೆ ಅಂಟಿದ ಹಿಟ್ಟನ್ನೆಲ್ಲ ಬೆರಳಿನಿಂದ ಕೆರೆದು ಕೂಡಿಸಿ, ಅದನ್ನೂ ತಟ್ಟಿ, ಬಟ್ಟಲಿನ ಬಾಯಿಯಷ್ಟು ಅಗಲದ ಸಣ್ಣ ರೊಟ್ಟಿಯೊಂದನ್ನು ಅವಳತ್ತ ನೀಡಿದ. ಗಿರಿಜಮ್ಮ ಅದನ್ನು ತೆಗೆದುಕೊಂಡು ಹಂಚಿಗೆ ಹಾಕಿದ ಮೇಲೆ ಕೇಳಿದಳು.

"ಇದು ಯಾರಿಗ್ರಿ?"

"ಹಿಟ್ಟ ಉಳಿದಿತ್ತು..."

"ಉಳಿದ ಹಿಟ್ಟ ನಾನೂ ದಿನಾ ನೋಡ್ತೀನಿ. ಮುದ್ದಿ ಮಾಡಿ ಮುಚ್ಚಿ ಇಡ್ತೀನಿ. ಸಣ್ಣ ರೊಟ್ಟಿ ಯಾರಿಗೆ ಮಾಡ್ತಾರ, ನನಗ ಗೊತ್ತಿಲ್ಲೇನು? ನಾ ಸಣ್ಣಾಕಿ ಇದ್ದಾಗ ನಮ್ಮವ್ವ ನನಗ ಮಾಡಿ ಕೊಟ್ಟಾಳ."

ಲಿಂಗರಾಜ ಹಿಟ್ಟು ಮೆತ್ತಿದ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಹೊರಗೆ ಸೊಸೈಟಿಯ ಮಕ್ಕಳು ಸೈಕಲ್ ಗಂಟೆ ಬಾರಿಸುತ್ತ ಸುತ್ತುತ್ತಿದ್ದರು.

"ದೊಡ್ಡದ ಕೊಟ್ರ ತಿಂತಿರಲಿಲ್ಲ," ಎಂದ ನಿಧಾನವಾಗಿ. "ತನ್ನ ಕೈಯಾಗ ಹಿಡಿಸುವಂಥಾದ್ದ ಬೇಕು ಅಂತ ಹಟಾ ಮಾಡತಿತ್ತು."

"ಗಂಡೋ, ಹೆಣ್ಣೋ?"

"ಹೆಣ್ಣು."

"ಅವರವ್ವ?"

"ಕಂಬಕ್ಕ ತೆಗ್ಗ ತೋಡಾಕ ಬರತಿದ್ಲು. ಒಂದ ಕಡೆ ಇರತಿದ್ವಿ." ಅವನು ಪರಾತದೊಳಗೆ ನೋಡುತ್ತಲೇ ಹೇಳಿದ. "ಸುದ್ದಿ ತಿಳಿದು ನಮ್ಮಪ್ಪ ಬಂದು ನನ್ನ ಊರಿಗೆ ಕರಕೊಂಡ ಹೋದ. ಅವನ ಮ್ಯಾಲೆ ಯಾಕ ಹಾಕ್ಲಿ. ನಾನೂ ಇಬ್ರನ್ನೂ ಬಿಟ್ಟು ಹೋದ್ನಿ."

ಇದೇ ಉತ್ತರ ಬಂದರೆ ಪರಾತ ಎತ್ತಿ ಗೋಡೆಗೆ ಒಗೆಯುತ್ತೇನೆ, ಇಂದೇ ರೈಲು ಹತ್ತುತ್ತೇನೆ ಎಂದು ಮಧ್ಯಾಹ್ನವಿಡೀ ಅಂದುಕೊಂಡಿದ್ದಳು ಗಿರಿಜಮ್ಮ. ಡಾಕ್ಟರಮ್ಮನ ಕೋಣೆಯ ಮಾತು, ಉಪವಾಸದ ಸೋಮವಾರಗಳು, ಎಲ್ಲವನ್ನೂ ಅವನ ಮುಖಕ್ಕೆ ಎರಚಲು ಸಿದ್ಧಮಾಡಿಕೊಂಡಿದ್ದಳು. ಬಾಯಿಂದ ಬಂದದ್ದು ಬೇರೆಯೇ.

"ಈಗ ಎಷ್ಟ ವರ್ಷ ಆಕಿಗೆ?"

"ಬರೋ ಶ್ರಾವಣಕ್ಕ ಇಪ್ಪತ್ತೇಳ ತುಂಬತಾವ."

ತಮ್ಮ ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಯಾರಾದರೂ ಕೇಳಿದರೆ ಬೆರಳು ಮಡಚುತ್ತ ಅವಳ ಮುಖ ನೋಡುವವನು ಲಿಂಗರಾಜ. ಈಗ ಅವನಿಗೆ ಲೆಕ್ಕ ಹಾಕಲು ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ.

ಸಣ್ಣ ರೊಟ್ಟಿ ಬೇಗ ಬೆಂದಿತು. ಗಿರಿಜಮ್ಮ ಬರಿಗೈಯಿಂದಲೇ ಅದನ್ನು ಹಂಚಿನ ಮೇಲಿಂದ ಎತ್ತಿದಳು. ಎರಡು ತಾಟುಗಳಲ್ಲಿ ಯಾವುದಕ್ಕೂ ಹಾಕದೆ, ಸುಡುವ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತಳು.