ಪೇಷೆಂಟುಗಳ ಮಂಚ

"ಏಯ್ ಬೇವರ್ಸಿ, ಆ ಕೊಳೆತ ಕಾಲು ತಗೊಂಡು ಇಳಿಯೋ ಮಂಚದಿಂದ. ಅದು ಪೇಷೆಂಟುಗಳಿಗೆ ಇಟ್ಟಿರೋದು."

ಸುಬ್ಬರಾಯನ ಮಾತು ತನಿಯನಿಗೆ ಅರ್ಥವಾಗಲಿಲ್ಲ. ಕಟ್ಟಡದ ಕೆಲಸದಲ್ಲಿ ತುಕ್ಕು ಹಿಡಿದ ಮೊಳೆ ಅಂಗಾಲಿಗೆ ಹೊಕ್ಕು, ಅವನ ಪಾದ ಬದನೆಕಾಯಿಯಂತೆ ಊದಿ ಕಪ್ಪಾಗಿತ್ತು.

"ನಾನೇ ಅಲ್ವಾ ಸಾರ್ ಪೇಷೆಂಟು?"

"ನೀನು ಪೇಷೆಂಟಲ್ಲ ಕಣೋ, ನೀನು ಕಾಯಿಲೆ. ಇವತ್ತು ದೊಡ್ಡ ಡಾಕ್ಟ್ರುಗಳು ಬರ್ತಿದ್ದಾರೆ. ಅವರ ಕಣ್ಣಿಗೆ ಬಿದ್ದೆ ಅಂದ್ರೆ ಚರ್ಮ ಸುಲಿದುಬಿಡ್ತೀನಿ."

ಕುವೈತ್ ಯುದ್ಧ ಮುಗಿದ ಮರುವರ್ಷದ ಮಾತು. ಮೈಸೂರಿನ ಸುಬ್ಬರಾಯ, ದೋಹಾದ ಹೊರಗೆ ಮರಳಿನ ನಡುವೆ ಇದ್ದ ಆ ಕ್ಯಾಂಪಿನ ಅಧಿಕಾರಿ. ಕೂಲಿಗಳಿಗೆ ಅವನೇ ಸರ್ಕಾರ, ಅವನೇ ವೈದ್ಯ. ಜ್ವರ ಬರಲಿ, ಬೆರಳು ತುಂಡಾಗಲಿ, ಅವನು ಕೊಡುತ್ತಿದ್ದುದು ಪ್ಯಾನಡಾಲ್ ಎಂಬ ಜ್ವರದ ಮಾತ್ರೆ. ಸರ್ಕಾರಿ ಆಸ್ಪತ್ರೆಗೆ ಹೋಗಲು ಬೇಕಾದ ಕಾರ್ಡನ್ನು ಕಂಪನಿ ಯಾರಿಗೂ ಮಾಡಿಸಿರಲಿಲ್ಲ. ಈಗ ಟ್ಯುನೀಷಿಯಾದಿಂದ ವೈದ್ಯರ ತಂಡವೊಂದು ಬರುವುದಿತ್ತು. ಕೂಲಿಗಳ ಆರೋಗ್ಯವನ್ನು ಇಲ್ಲಿ ಹೇಗೆ ನೋಡಿಕೊಳ್ಳುತ್ತಾರೆಂದು ಕಂಡು, ತಮ್ಮ ದೇಶದ ಗಣಿಗಳ ಬಳಿ ಅಂಥದ್ದೇ ಆಸ್ಪತ್ರೆ ಕಟ್ಟುವುದು ಅವರ ಆಸೆ. ಹಾಗಾಗಿ ಕಿಟಕಿಯಿಲ್ಲದ ಸಿಮೆಂಟ್ ಶೆಡ್ಡಿಗೆ ಬಣ್ಣ ಬಳಿದು, ಬಾಡಿಗೆ ಮಂಚ ಹಾಕಿ, ಏಸಿ ಕೂರಿಸಿ ಆಸ್ಪತ್ರೆ ಮಾಡಿದ್ದರು.

ರೋಗಿಗಳನ್ನು ಸುಬ್ಬರಾಯನೇ ಆರಿಸಿದ್ದ. ಎಲ್ಲರೂ ಗಟ್ಟಿಮುಟ್ಟಾದವರು. ಅಡುಗೆಯ ಲ್ಯಾನ್ಸ್‌ಲಾಟನಿಗೆ ತಲೆ ಒಡೆದವನ ಪಾತ್ರ ಸಿಕ್ಕಿತ್ತು.

"ಬೇಜಾರು ಮಾಡ್ಬೇಡ ಮಾರಾಯ," ಲ್ಯಾನ್ಸ್‌ಲಾಟ್ ಬ್ಯಾಂಡೇಜಿನ ಸಂದಿಯಿಂದ ತನಿಯನಿಗೆ ಹೇಳಿದ. "ರೋಗಿ ಅಂದ್ರೆ ನೋಡ್ಲಿಕ್ಕೆ ಸ್ವಲ್ಪ ಚಂದ ಇರ್ಬೇಕಂತೆ."

ನಿಜವಾದ ರೋಗಿಗಳನ್ನು ಬಸ್ಸಿಗೆ ತುಂಬಿ ನೀರಿನ ಟ್ಯಾಂಕಿನ ಹಿಂದೆ ನಿಲ್ಲಿಸಿದರು. ಅತಿಥಿಗಳು ಹೋಗುವ ತನಕ ಯಾರೂ ಕೆಮ್ಮಕೂಡದೆಂದು ಆಜ್ಞೆಯಾಗಿತ್ತು. ಉಪ್ಪಿನಂಗಡಿಯ ಇಸ್ಮಾಯಿಲ್ ತಡೆಯಲಾಗದೆ ಬಾಯಿಗೆ ಟವೆಲ್ ತುರುಕಿಕೊಂಡು ಕೆಮ್ಮಿದ. ತೆಗೆದಾಗ ಟವೆಲಿನಲ್ಲಿ ರಕ್ತವಿತ್ತು. ಅದನ್ನು ಅವಸರದಲ್ಲಿ ಮಡಚಿ, ತಪ್ಪು ಮಾಡಿದವನಂತೆ ಸುತ್ತ ನೋಡಿ, "ಸಾರಿ" ಅಂದ.

ಆ ಮಾತು ಕೇಳಿ ತನಿಯನಿಗೆ ಮೈಯೆಲ್ಲ ಉರಿಯಿತು.

"ಇವನಮ್ಮನ, ನಾವೆಂತ ಕದ್ದ ಮಾಲಾ ಅಡಗಿಸಿಡ್ಲಿಕ್ಕೆ? ಡಾಕ್ಟ್ರು ಬಂದದ್ದು ಯಾರನ್ನು ನೋಡ್ಲಿಕ್ಕೆ? ಏಳಿ ಎಲ್ರೂ."

"ಕೆಲ್ಸ ಹೋದ್ರೆ ಎಂತ ಮಾಡೂದು?" ಅಂದ ಇಸ್ಮಾಯಿಲ್.

"ಕಾಲು ಹೋದ್ಮೇಲೆ ಯಾವ ಬೋಳಿಮಗ ಕೊಡ್ತಾನೆ ಕೆಲ್ಸ?"

ಶೆಡ್ಡಿನೊಳಗೆ ಟ್ಯುನೀಷಿಯಾದ ಡಾಕ್ಟರಮ್ಮ ಲ್ಯಾನ್ಸ್‌ಲಾಟನ ಬ್ಯಾಂಡೇಜು ಬಿಚ್ಚುತ್ತಿದ್ದಳು. ಸುತ್ತು ಸುತ್ತಾಗಿ ಬಟ್ಟೆ ಬಂತು. ಕೊನೆಗೆ ಎಣ್ಣೆ ಹಚ್ಚಿ ಬಾಚಿದ ತಲೆ ಬಂತು. ಒಂದು ಗೀರೂ ಇರಲಿಲ್ಲ.

"ನಿನ್ನೆ ಹೊಲಿಗೆ ಹಾಕಿದ್ದು ಮೇಡಂ," ಸುಬ್ಬರಾಯ ಇಂಗ್ಲಿಷಿನಲ್ಲಿ ಹೇಳಿದ. "ನಮ್ಮಲ್ಲಿ ಬೇಗ ವಾಸಿಯಾಗುತ್ತೆ."

ಅವಳ ಜೊತೆಗಿದ್ದ ಮುದಿ ವೈದ್ಯ ಮೆಚ್ಚುಗೆಯಿಂದ ತಲೆಯಾಡಿಸಿದ.

ಅಷ್ಟರಲ್ಲಿ ಬಾಗಿಲಲ್ಲಿ ಕುಂಟುವವರ, ಕೆಮ್ಮುವವರ ಹಿಂಡು ಬಂದು ನಿಂತಿತು. ಇವರೆಲ್ಲ ಯಾರೆಂದು ಡಾಕ್ಟರಮ್ಮ ಕೇಳಿದಳು.

"ಪೇಷೆಂಟುಗಳನ್ನ ನೋಡಿಕೊಂಡು ಹೋಗೋಕೆ ಬಂದಿದ್ದಾರೆ ಮೇಡಂ. ಊರ ಕಡೆಯವರು." ಸುಬ್ಬರಾಯ ಬಾಗಿಲ ಕಡೆ ತಿರುಗಿ, ನಗು ಕೆಡದಂತೆ ಕೈಮುಗಿದು ಕನ್ನಡದಲ್ಲಿ ಸ್ವಾಗತಿಸಿದ: "ತೊಲಗ್ರೋ ಸೂಳೆಮಕ್ಕಳಾ."

ತನಿಯ ನೇರ ಒಳಬಂದ. ಲ್ಯಾನ್ಸ್‌ಲಾಟ್ ಎದ್ದು ಮಂಚ ಬಿಟ್ಟುಕೊಟ್ಟ. ತನಿಯ ಕೂತು ಬಿಳಿ ಹಾಸಿನ ಮೇಲೆ ಕಾಲಿಟ್ಟ. ಕೀವು ಬಟ್ಟೆಗೆ ಇಳಿಯಿತು. ನಾತಕ್ಕೆ ಮುದಿ ವೈದ್ಯ ಕರ್ಚೀಫು ತೆಗೆದ. ಡಾಕ್ಟರಮ್ಮ ಮಾತ್ರ ಬಾಗಿ ಎರಡೂ ಕೈಯಲ್ಲಿ ಪಾದ ಹಿಡಿದಳು. ಊರಿನಲ್ಲಿ ಡಾಕ್ಟರು ತನಿಯನ ಕೇರಿಯವರನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಮಾತ್ರೆ ಎಸೆಯುತ್ತಿದ್ದ. ಮುಟ್ಟಿ ನೋಡಿದ ಡಾಕ್ಟರು ಇವಳೇ ಮೊದಲು. ತನಿಯನಿಗೆ ನೋವಿಗಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅವಳು ಸುಬ್ಬರಾಯನಿಗೆ ಬಿರುಸಾಗಿ ಏನೋ ಹೇಳಿದಳು.

"ಖಂಡಿತ ಮೇಡಂ," ಅಂದ ಸುಬ್ಬರಾಯ. ತನಿಯನಿಗೆ ಕನ್ನಡದಲ್ಲಿ ತಿಳಿಸಿದ: "ದಿನಾ ವಾಕಿಂಗ್ ಮಾಡ್ಬೇಕಂತೆ."

ಆದರೆ ಅವಳ ಅಂಗೈ ತನ್ನ ಮೊಣಕಾಲ ಕೆಳಗೆ ಗರಗಸದಂತೆ ಹಿಂದೆ ಮುಂದೆ ಆಡಿದ್ದನ್ನು ತನಿಯ ನೋಡಿದ್ದ.

ಊಟಕ್ಕೆ ಹೊತ್ತಾಯಿತೆಂದು ಅತಿಥಿಗಳನ್ನು ಕಾರು ಹತ್ತಿಸಿದರು. ಡಾಕ್ಟರಮ್ಮ ತಿರುಗಿ ತಿರುಗಿ ನೋಡುತ್ತಲೇ ಹೋದಳು. ಹಿಂದೆಯೇ ಮಂಚ ಒಯ್ಯುವ ಲಾರಿ ಬಂತು.

"ಖಲಾಸ್. ನಾಟಕ ಮುಗೀತು, ಇಳೀರೋ," ಅಂದ ಸುಬ್ಬರಾಯ.

ಯಾರೂ ಇಳಿಯಲಿಲ್ಲ. ಬಸ್ಸಿನಿಂದ ಬಂದವರೆಲ್ಲ ಆಗಲೇ ಒಂದೊಂದು ಮಂಚದ ಮೇಲೆ ಒತ್ತಿ ಒತ್ತಿ ಕೂತಿದ್ದರು.

"ಆಸ್ಪತ್ರೆ ಗಾಡಿ ಬರ್ಲಿ," ತನಿಯ ಹೇಳಿದ. "ಆಮೇಲೆ ಮಂಚ ಎಂತ, ಈ ಶೆಡ್ಡನ್ನೇ ಹೊತ್ಕೊಂಡು ಹೋಗಿ."

"ಮುಂಡೇವಾ, ಇಲ್ಲೇ ಕೊಳೀರಿ ಹಾಗಾದ್ರೆ."

ಸುಬ್ಬರಾಯ ಹೊರಗೆ ಹೋದ. ಏಸಿ ನಿಂತಿತು. ಕರೆಂಟೂ ಹೋಯಿತು. ತಗಡಿನ ಬಾಗಿಲು ಧಡಾರನೆ ಮುಚ್ಚಿ ಹೊರಗೆ ಬೀಗ ಬಿತ್ತು.

ತನಿಯ ಒಂಟಿಕಾಲಲ್ಲಿ ಕುಪ್ಪಳಿಸುತ್ತ, ಕತ್ತಲಲ್ಲಿ ಗೋಡೆ ತಡವುತ್ತ ಬಾಗಿಲಿಗೆ ಹೋದ. ಕೈಗೆ ಚಿಲಕ ಸಿಕ್ಕಿತು. ಅದನ್ನು ಒಳಗಿನಿಂದ ಜಡಿದ.